ಸವಕಳಿ ಖಾತೆಯಿಲ್ಲದ ಲೆಕ್ಕಪುಸ್ತಕ

ದೀಪಾವಳಿಯಂದು ಹೊಸ ಕಿರ್ದಿ ಖತಾವಣಿಗಳಿಗೆ ಪೂಜೆ ಸಲ್ಲಿಸುವ ವರ್ತಕನು ಅದಕ್ಕೆ ಮೊದಲು ಹಳೆಯ ಪುಸ್ತಕಗಳ ಬಾಕಿಯನ್ನು ತೆಗೆದು ಮುಗಿಸಿರುತ್ತಾನೆ. ಬಂದ ಹಣ, ಹೋದ ಹಣ, ಬರಬೇಕಾದ ಸಾಲ, ತೀರಿಸಬೇಕಾದ ಸಾಲ ಇವೆಲ್ಲ ಕಣ್ಣಿಗೆ ಕಾಣುವ ಬಾಬುಗಳು. ಒಂದು ಬಾಬು ಮಾತ್ರ ಹಾಗಲ್ಲ. ಗಿರಣಿಯ ಯಂತ್ರ ಒಂದು ವರ್ಷ ಹಳೆಯದಾಗಿದೆ. ಗೋದಾಮಿನ ತಗಡು ಇನ್ನೊಂದು ಮಳೆಗಾಲದ ತುಕ್ಕನ್ನು ಹೊತ್ತಿದೆ. ಈ ಕಾರಣಕ್ಕಾಗಿ ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲ. ಯಾರೂ ಬಾಗಿಲಿಗೆ ಬಂದು ಕೇಳಿಯೂ ಇಲ್ಲ. ಆದರೂ ಅಷ್ಟು ಸಂಪತ್ತು ಕಳೆದುಹೋಗಿದೆ. ವಾಣಿಜ್ಯಶಾಸ್ತ್ರವು ಇದನ್ನು ಸವಕಳಿ ಎಂದು ಕರೆಯುತ್ತದೆ. ಸವಕಳಿಯನ್ನು ಬರೆಯದ ವರ್ತಕನು ಆ ವರ್ಷ ಹೆಚ್ಚಿನ ಲಾಭವನ್ನು ತೋರಿಸಿ ಬಂಧುಬಳಗದಲ್ಲಿ ಹಿರಿಮೆ ಪಡೆಯಬಹುದು. ಹತ್ತು ವರ್ಷಗಳ ನಂತರ ಸುಗ್ಗಿಯ ನಡುವೆ ಯಂತ್ರ ನಿಂತ ದಿನ, ಹಿಂದಿನ ಹತ್ತು ವರ್ಷಗಳ ಲಾಭದಲ್ಲಿ ಎಷ್ಟು ಭಾಗ ಸುಳ್ಳಾಗಿತ್ತೆಂಬುದು ಅವನಿಗೆ ತಿಳಿಯುತ್ತದೆ.

ವರ್ತಕನ ಈ ಅನುಭವವನ್ನು ರಾಜ್ಯಕ್ಕೂ ಅನ್ವಯಿಸಿ ನೋಡಬಹುದೇ? ಕೊಪ್ಪಳ ಜಿಲ್ಲೆಯ ಜನರಿಗೆ 2024ರ ಆಗಸ್ಟ್ 10ರ ರಾತ್ರಿ ಈ ಪ್ರಶ್ನೆಯನ್ನು ಕೇಳಿತು. ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯ ಗೇಟಿನ ಸರಪಣಿಯ ಕೊಂಡಿ ಕಳಚಿ, ಗೇಟು ನದಿಯ ಪಾಲಾಯಿತು. ಅಣೆಕಟ್ಟೆಯ ಮೇಲಿನ ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಗಂಗಾವತಿ, ಕಾರಟಗಿ, ಸಿಂಧನೂರು ಭಾಗಗಳಲ್ಲಿ ಭತ್ತದ ನಾಟಿಯ ಕಾಲ ಅದು. ವರ್ಷದ ಅನ್ನವಾಗಬೇಕಿದ್ದ ನೀರು ಹಗಲೂ ರಾತ್ರಿ ಹರಿದುಹೋಗುತ್ತಿದ್ದುದನ್ನು ರೈತರು ಸೇತುವೆಯ ಮೇಲೆ ನಿಂತು ನೋಡಿದರು. ಗಂಜಿನ ದಲಾಲಿ ಅಂಗಡಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ, ಗೊಬ್ಬರದ ಮಳಿಗೆಗಳಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ.

ಮುಂದೆ ನಡೆದುದು ಸ್ತುತ್ಯವಾದ ಸಾಹಸವೇ ಸರಿ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಕಿಂಡಿಯನ್ನು ಮುಚ್ಚಲಾಯಿತು. ಜೀವದ ಹಂಗು ತೊರೆದು ದುಡಿದ ಕಾರ್ಮಿಕರಿಗೆ ಸನ್ಮಾನವಾಯಿತು. ಅದು ನ್ಯಾಯವಾಗಿಯೇ ಸಂದ ಗೌರವ. ಮಳೆಯೂ ಕೈಬಿಡದೆ ಜಲಾಶಯ ಆ ವರ್ಷ ಮತ್ತೆ ತುಂಬಿಕೊಂಡಿತು. ಆದರೆ ಪರಿಶೀಲನೆ ನಡೆಸಿದ ತಜ್ಞರು 33 ಗೇಟುಗಳನ್ನೂ ಬದಲಿಸಬೇಕೆಂದರು. 2025ರ ಮಳೆಗಾಲದಲ್ಲಿ ಸುರಕ್ಷತೆಯ ದೃಷ್ಟಿಯಿಂದ ಸಂಗ್ರಹವನ್ನು 80 ಟಿಎಂಸಿ ಅಡಿಗಳಷ್ಟಕ್ಕೆ ಮಿತಿಗೊಳಿಸಲಾಯಿತು. ಸುಮಾರು 105 ಟಿಎಂಸಿ ಅಡಿ ಹಿಡಿಯಬಲ್ಲ ಜಲಾಶಯ ಇದು. ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಉಳಿದದ್ದನ್ನು ಎಪ್ಪತ್ತು ವರ್ಷಗಳಲ್ಲಿ ಹೂಳು ನುಂಗಿತು. ಹೂಳೂ ಸವಕಳಿಯೇ, ಕೊಂಡಿಯ ತುಕ್ಕೂ ಸವಕಳಿಯೇ.

ಈ ಸಂದರ್ಭದಲ್ಲಿ ಯಾರೋ ಒಬ್ಬ ಅಧಿಕಾರಿಯನ್ನೋ ಒಂದು ಪಕ್ಷವನ್ನೋ ದೂರುವುದು ಸುಲಭ. ಅಣೆಕಟ್ಟೆ ಬಳಕೆಗೆ ಬಂದದ್ದು 1953ರಲ್ಲಿ. ಅಂದಿನಿಂದ ಇಂದಿನವರೆಗೆ ಹೆಚ್ಚುಕಡಿಮೆ ಎಲ್ಲ ಪ್ರಮುಖ ಪಕ್ಷಗಳೂ ರಾಜ್ಯದಲ್ಲೋ ಕೇಂದ್ರದಲ್ಲೋ ಅಧಿಕಾರ ನಡೆಸಿವೆ. ಎಲ್ಲರ ಕಾಲದಲ್ಲಿಯೂ ಹೂಳು ತುಂಬುತ್ತಲೇ ಇತ್ತು, ಕೊಂಡಿ ಸವೆಯುತ್ತಲೇ ಇತ್ತು. ಇಷ್ಟು ಮಂದಿ, ಇಷ್ಟು ವರ್ಷ, ಒಂದೇ ಬಗೆಯಲ್ಲಿ ನಡೆದುಕೊಂಡಿದ್ದರೆ ಅದರ ಕಾರಣವನ್ನು ವ್ಯಕ್ತಿಗಳ ಗುಣದೋಷಗಳಲ್ಲಿ ಮಾತ್ರ ಹುಡುಕಿದರೆ ಸಾಲದು. ಅವರನ್ನು ಹಾಗೆ ನಡೆಸಿದ ಲಾಭನಷ್ಟದ ಲೆಕ್ಕ ಯಾವುದು, ಆ ಲೆಕ್ಕವನ್ನು ಬರೆದವರು ಯಾರು ಎಂಬುದನ್ನು ನೋಡಬೇಕು. ಬರೆದವರಲ್ಲಿ ಮೊದಲಿಗನು ಮತದಾರ.

ಮತದಾರನು ಮೂಢನೆಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಅಮೆರಿಕೆಯ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1957ರಲ್ಲಿಯೇ ಒಂದು ಸರಳ ವಿಷಯವನ್ನು ತೋರಿಸಿಕೊಟ್ಟನು. ಲಕ್ಷಾಂತರ ಮತಗಳ ನಡುವೆ ಒಂದು ಮತದಿಂದ ಫಲಿತಾಂಶ ಬದಲಾಗುವ ಸಂಭವ ಅತ್ಯಲ್ಪ. ಹಾಗಿರುವಾಗ ಕೂಲಿ ಬಿಟ್ಟು, ನಿದ್ದೆ ಬಿಟ್ಟು, ಪ್ರತಿಯೊಂದು ನೀತಿಯನ್ನೂ ಅಭ್ಯಾಸ ಮಾಡುವುದು ಸಾಮಾನ್ಯ ಮನುಷ್ಯನಿಗೆ ನಷ್ಟದ ವ್ಯಾಪಾರ. ಅವನು ಕಣ್ಣಿಗೆ ಬಿದ್ದದ್ದನ್ನು ನೋಡಿ ತೀರ್ಮಾನಿಸುತ್ತಾನೆ. ಹೊಸ ರಸ್ತೆ ಕಾಣುತ್ತದೆ, ಸಮುದಾಯ ಭವನ ಕಾಣುತ್ತದೆ, ಖಾತೆಗೆ ಬಿದ್ದ ಹಣ ಕಾಣುತ್ತದೆ. ನೀರಿನೊಳಗಿನ ಹೂಳು ಕಾಣುವುದಿಲ್ಲ. ಎತ್ತರದಲ್ಲಿ ತೂಗುವ ಸರಪಣಿಯ ಕೊಂಡಿಯಂತೂ ಅದನ್ನು ಪರೀಕ್ಷಿಸಲೆಂದೇ ಹತ್ತಿದವನಿಗಲ್ಲದೆ ಬೇರೆಯವರಿಗೆ ಕಾಣುವಂಥದ್ದಲ್ಲ.

ಇದರ ಫಲವೇನೆಂಬುದನ್ನು ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರ ಎಂಬ ವಿದ್ವಾಂಸರು ಅಮೆರಿಕೆಯ ಚುನಾವಣೆಗಳ ಅಂಕಿಅಂಶಗಳಿಂದ ಅಳೆದು 2009ರಲ್ಲಿ ಪ್ರಕಟಿಸಿದರು. ಪ್ರಕೃತಿವಿಕೋಪ ಸಂಭವಿಸಿದ ಮೇಲೆ ಪರಿಹಾರಕ್ಕಾಗಿ ಹಣ ಚೆಲ್ಲಿದ ಆಡಳಿತಪಕ್ಷಕ್ಕೆ ಮತದಾರರು ಮತಗಳ ರೂಪದಲ್ಲಿ ಕೃತಜ್ಞತೆಯನ್ನು ಸಲ್ಲಿಸಿದರು. ವಿಕೋಪಕ್ಕೆ ಮೊದಲೇ ಮುನ್ನೆಚ್ಚರಿಕೆಗೆ ಹಣ ವೆಚ್ಚ ಮಾಡಿದುದಕ್ಕೆ ಅಂತಹ ಪ್ರತಿಫಲ ಕಂಡುಬರಲಿಲ್ಲ. ಆದರೆ ಮುನ್ನೆಚ್ಚರಿಕೆಗೆ ಹಾಕಿದ ಒಂದು ಡಾಲರ್ ಮುಂದೆ ಸುಮಾರು ಹದಿನೈದು ಡಾಲರುಗಳಷ್ಟು ಹಾನಿಯನ್ನು ತಪ್ಪಿಸುತ್ತದೆಂದು ಅವರ ಅಂದಾಜು. ಅಕ್ಷರಸ್ಥರ ಶ್ರೀಮಂತ ದೇಶದಲ್ಲಿಯೇ ಹೀಗಾದರೆ, ಬರದ ನಾಡಿನಲ್ಲಿ ದಿನಗೂಲಿಯಿಂದ ಸಂಸಾರ ತೂಗಿಸುವವನು ಇಪ್ಪತ್ತು ವರ್ಷ ಮುಂದಿನದನ್ನು ಯೋಚಿಸಲಿಲ್ಲವೆಂದು ಜರೆಯುವುದು ನ್ಯಾಯವಲ್ಲ. ಆದರೆ ಚುನಾಯಿತ ಪ್ರತಿನಿಧಿಯ ಮನಸ್ಸಿನಲ್ಲಿ ಈ ಲೆಕ್ಕ ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಕೊಂಡಿಗೆ ವರ್ಷ ವರ್ಷವೂ ಎಣ್ಣೆ ಹಾಕಿಸಿದ ಸಚಿವನಿಗೆ ಮೆರವಣಿಗೆಯಿಲ್ಲ. ಕೊಂಡಿ ಕಳಚಿದ ಮರುದಿನ ದಂಡೆಗೆ ಧಾವಿಸಿ ಬಂದವನ ಚಿತ್ರ ಎಲ್ಲ ಪತ್ರಿಕೆಗಳಲ್ಲಿಯೂ ಬರುತ್ತದೆ.

ಎರಡನೆಯ ಕೈಬರಹ ಸಂಘಟಿತ ಹಿತಾಸಕ್ತಿಗಳದು. ಇದನ್ನು ಅರಿಯಲು ಅಣೆಕಟ್ಟೆಯಿಂದ ಇಳಿದು ಎಡದಂಡೆ ಕಾಲುವೆಯ ಜೊತೆಗೆ ನಡೆಯಬೇಕು. ಮುನಿರಾಬಾದಿನ ಬಳಿ ಹೊರಡುವ ಈ ಕಾಲುವೆ ಕೊಪ್ಪಳ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಗಳನ್ನು ದಾಟಿ 227 ಕಿಲೋಮೀಟರ್ ಸಾಗಿ ರಾಯಚೂರಿನ ಕಡೆಗೆ ಹೋಗುತ್ತದೆ. ಯೋಜನೆಯನ್ನು ರೂಪಿಸಿದವರ ಉದ್ದೇಶ ಬರವನ್ನು ತಡೆಯುವುದಾಗಿತ್ತು. ಇದ್ದ ನೀರನ್ನು ಆದಷ್ಟು ಹೆಚ್ಚು ಹೊಲಗಳಿಗೆ ತೆಳುವಾಗಿ ಹಂಚಬೇಕು. ಬಹುಭಾಗದಲ್ಲಿ ಜೋಳ, ಹತ್ತಿಗಳಂತಹ ಕಡಿಮೆ ನೀರಿನ ಬೆಳೆಗಳು. ಭತ್ತ, ಕಬ್ಬು ಸೀಮಿತ ಭಾಗದಲ್ಲಿ ಮಾತ್ರ. ಯಾವ ಸರ್ವೆ ನಂಬರಿಗೆ ಯಾವ ಬೆಳೆಯೆಂಬುದನ್ನು ಸರ್ಕಾರವೇ ಗೊತ್ತುಪಡಿಸಿತ್ತು.

ಆದರೆ ಕಾಲುವೆಯ ಮೇಲ್ಭಾಗದಲ್ಲಿರುವವನ ಹೊಲದ ಬದಿಯಲ್ಲಿಯೇ ನೀರು ಹರಿಯುತ್ತಿರುವಾಗ ಅವನು ಜೋಳ ಏಕೆ ಬಿತ್ತುತ್ತಾನೆ? ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತದ ಬೇಸಾಯವನ್ನು ಚೆನ್ನಾಗಿ ಬಲ್ಲವರು. ಸ್ಥಳೀಯರೂ ಅದನ್ನು ಕಲಿತರು. ಗಂಗಾವತಿ ಭತ್ತದ ಕಣಜವೆಂಬ ಹೆಸರು ಪಡೆಯಿತು. ಗಿರಣಿಗಳು ಎದ್ದವು, ಗಂಜುಗಳು ಬೆಳೆದವು, ಬ್ಯಾಂಕುಗಳು ಬಂದವು. ಇದು ಶ್ರಮದ ಫಲ, ಅಲ್ಲಗಳೆಯುವಂತಿಲ್ಲ. ಇದರ ಇನ್ನೊಂದು ಮುಖವನ್ನೂ ಅಲ್ಲಗಳೆಯುವಂತಿಲ್ಲ: ಮೇಲ್ಭಾಗದಲ್ಲಿ ಗೊತ್ತುಪಡಿಸಿದ ಮಿತಿಯನ್ನು ಮೀರಿ ಬೆಳೆದ ಭತ್ತದ ನೀರು ಮಾನ್ವಿ, ರಾಯಚೂರುಗಳ ಕೆಳಭಾಗದ ರೈತನ ಜೋಳದಿಂದ ಕಳೆದ ನೀರು. ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪುತ್ತಿಲ್ಲವೆಂಬ ಕೂಗು ಪ್ರತಿ ಹಂಗಾಮಿನಲ್ಲೂ ಏಳುತ್ತದೆ. ನಿಯಮ ಕಾಗದದಲ್ಲಿ ಇದ್ದರೂ ಅದನ್ನು ಜಾರಿಗೊಳಿಸಲು ಯಾವ ಸರ್ಕಾರವೂ ಗಟ್ಟಿಮನಸ್ಸು ಮಾಡಲಿಲ್ಲ.

ಕಾರಣ ಸ್ಪಷ್ಟ. ಲಾಭ ಕೆಲವರಲ್ಲಿ ದಟ್ಟವಾಗಿ, ನಷ್ಟ ಅನೇಕರಲ್ಲಿ ತೆಳುವಾಗಿ ಹಂಚಿಹೋದಾಗ ಕೆಲವರೇ ಸಂಘಟಿತರಾಗುತ್ತಾರೆಂದು ಮ್ಯಾನ್ಸರ್ ಓಲ್ಸನ್ 1965ರಲ್ಲಿ ಬರೆದನು. ಮೇಲ್ಭಾಗದ ರೈತನಿಗೆ ಒಂದು ತೂಬು ಮುಚ್ಚಿದರೆ ಇಡೀ ವರ್ಷದ ಬೆಳೆ ಹೋಗುತ್ತದೆ. ಅವನು ಅಂದೇ ರಸ್ತೆಗಿಳಿಯುತ್ತಾನೆ, ಶಾಸಕರಿಗೆ ದೂರವಾಣಿ ಮಾಡುತ್ತಾನೆ. ಇದೇ ಎಡದಂಡೆ ಕಾಲುವೆಯನ್ನು ವರ್ಷಗಟ್ಟಲೆ ಅಭ್ಯಸಿಸಿ 2003ರಲ್ಲಿ ಗ್ರಂಥವನ್ನು ಪ್ರಕಟಿಸಿದ ಡಚ್ ವಿದ್ವಾಂಸ ಪೀಟರ್ ಮೊಲಿಂಗ ಕಂಡದ್ದೂ ಇದನ್ನೇ. ಕಾಲುವೆಯ ನೀರನ್ನು ನಕ್ಷೆಗಿಂತ ಹೆಚ್ಚಾಗಿ ರೈತ, ಎಂಜಿನಿಯರ್, ರಾಜಕಾರಣಿಗಳ ನಡುವಣ ನಿತ್ಯದ ಕೊಡುಕೊಳುವಿಕೆ ಹಂಚುತ್ತದೆ.

ಇಲ್ಲಿ ಮೂರನೆಯ ಅಂಶವಾದ ಸಂಸ್ಥೆಗಳ ರಚನೆಯೂ ಸೇರಿಕೊಳ್ಳುತ್ತದೆ. ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕನಕಗಿರಿಗಳ ಜೊತೆಗೆ ಸಿಂಧನೂರು, ಮಸ್ಕಿ, ಸಿರುಗುಪ್ಪ ವಿಧಾನಸಭಾ ಕ್ಷೇತ್ರಗಳಿವೆ. ಕಾಲುವೆಯ ಕೊನೆಯ ಮಾನ್ವಿ, ರಾಯಚೂರುಗಳು ಬೇರೆ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಅಂದರೆ ನೀರನ್ನು ಹೆಚ್ಚು ಬಳಸುವವರೂ ಅದನ್ನು ಕಳೆದುಕೊಳ್ಳುವವರೂ ಒಂದೇ ಮತಪೆಟ್ಟಿಗೆಯ ಮುಂದೆ ನಿಲ್ಲುವುದಿಲ್ಲ. ಮೇಲ್ಭಾಗದ ಪ್ರತಿನಿಧಿ ಕೆಳಭಾಗದ ರೈತನ ದುಃಖವನ್ನು ಕೇಳಿ ಮರುಗಬಹುದು, ಆದರೆ ಆ ರೈತ ಅವನಿಗೆ ಮತ ಹಾಕುವವನಲ್ಲ. ನದಿಗೆ ಒಂದು ಎಲ್ಲೆ, ಕಾಲುವೆಗೆ ಒಂದು ಎಲ್ಲೆ, ಮತಕ್ಷೇತ್ರಕ್ಕೆ ಮತ್ತೊಂದು ಎಲ್ಲೆ. ಅಣೆಕಟ್ಟೆಯ ವಿಷಯದಲ್ಲಿ ಇದು ಇನ್ನೂ ಜಟಿಲ. ಅದನ್ನು ನೋಡಿಕೊಳ್ಳುವುದು 1953ರಲ್ಲಿ ಸ್ಥಾಪನೆಯಾದ ತುಂಗಭದ್ರಾ ಮಂಡಳಿ; ಅದರಲ್ಲಿ ಕೇಂದ್ರದ ಜೊತೆಗೆ ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣಗಳ ಪಾಲಿದೆ. ಹೂಳಿನಿಂದಾದ ನಷ್ಟವನ್ನು ತುಂಬಿಕೊಳ್ಳಲು ನವಲಿಯ ಬಳಿ ಸಮತೋಲನ ಜಲಾಶಯವೊಂದನ್ನು ಕಟ್ಟುವ ಮಾತು ಬಹುಕಾಲದಿಂದಿದೆ; ಅದಕ್ಕೂ ನೆರೆರಾಜ್ಯಗಳ ಒಪ್ಪಿಗೆ ಬೇಕು. ಎಲ್ಲರ ಸೊತ್ತನ್ನು ಕಾಯುವ ಹೊಣೆ ಯಾರದೂ ಆಗದೆ ಉಳಿಯುವ ಅಪಾಯ ಇಂತಹ ಕಡೆ ಸದಾ ಇರುತ್ತದೆ. ಕೂಡುಕುಟುಂಬದ ಅಂಗಡಿಯ ಮಾಳಿಗೆ ಸೋರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲುವೆಯ ಕಥೆಯನ್ನು ಇಷ್ಟಕ್ಕೆ ನಿಲ್ಲಿಸಿದರೆ ಜಿಲ್ಲೆಯ ಅರ್ಧಭಾಗವನ್ನು ಮರೆತಂತಾಗುತ್ತದೆ. ಕುಷ್ಟಗಿ, ಯಲಬುರ್ಗಾಗಳ ಬಹುಭಾಗ ಕಾಲುವೆಯ ನೀರು ಕಾಣದ ಮಳೆಯಾಶ್ರಿತ ನೆಲ. ಸಜ್ಜೆ, ಜೋಳ, ತೊಗರಿ, ಕಡಲೆ ಬೆಳೆಯುವ ಇಲ್ಲಿಯ ರೈತನಿಗೆ ಅಣೆಕಟ್ಟೆ ಕೆಲವೇ ಹರದಾರಿ ದೂರದಲ್ಲಿದ್ದರೂ ಅನ್ಯಲೋಕದ್ದೇ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, 1956ರಲ್ಲಿ ಏಕೀಕೃತ ರಾಜ್ಯವನ್ನು ಸೇರಿದ ಈ ಪ್ರದೇಶದ ಬಡತನ ಎಲ್ಲರಿಗೂ ಗೊತ್ತಿದ್ದರೂ ಅದನ್ನು ಅಳೆದವರಿರಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ಆ ಕೆಲಸವನ್ನು ಮಾಡಿತು. ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಸಮಿತಿ ಗುರುತಿಸಿತು; ಕುಷ್ಟಗಿ ಮತ್ತು ಯಲಬುರ್ಗಾ ಆ 39ರಲ್ಲಿ ಸೇರಿದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ಯೋಜನೆಯನ್ನು ಸಮಿತಿ ಸೂಚಿಸಿತು. ಅಂಕಿಗಳು ಬಂದ ಮೇಲೆ ಬೇಡಿಕೆಗೆ ಬಲ ಬಂದಿತು. ವಿಶೇಷ ಸ್ಥಾನಮಾನಕ್ಕಾಗಿ ದಶಕಗಳ ಕಾಲ ನಡೆದ ಹೋರಾಟದ ಫಲವಾಗಿ, ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದಿತು. ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿಯೂ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ದೊರೆತವು. ಯಾವ ಪಕ್ಷದ ಸರ್ಕಾರ ಬಂದರೂ ಆ ವಿಧಿಯನ್ನು ಸುಲಭವಾಗಿ ಅಳಿಸಲಾಗದು. ಐದು ವರ್ಷಗಳ ಗಡಿಯನ್ನು ದಾಟಿ ನಿಲ್ಲುವ ಸಂಸ್ಥೆಯ ಬೆಲೆ ಇದು.

ಆದರೆ ಮಂಜೂರಾತಿಗೂ ಪೂರ್ಣಗೊಳಿಸುವಿಕೆಗೂ ನಡುವಣ ದೂರವನ್ನು ಈ ಜಿಲ್ಲೆಯ ರೈಲುಮಾರ್ಗಗಳು ಹೇಳುತ್ತವೆ. ಮುನಿರಾಬಾದ್–ಮೆಹಬೂಬನಗರ ಮಾರ್ಗ 1997–98ರಲ್ಲಿ ಮಂಜೂರಾಯಿತು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಮಂಜೂರಾದ ವರ್ಷ ಹುಟ್ಟಿದ ಮಗು ಆ ವೇಳೆಗೆ ಪದವಿ ಮುಗಿಸಿತ್ತು. 2013–14ರಲ್ಲಿ ಮಂಜೂರಾದ ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿ ತನ್ನ ಮೊದಲ ರೈಲನ್ನು ಕಂಡದ್ದು 2025ರ ಮೇ ತಿಂಗಳಲ್ಲಿ. ಹೊಸ ಮಾರ್ಗದ ಘೋಷಣೆಗೆ ಚಪ್ಪಾಳೆ ಅಂದೇ ದೊರೆಯುತ್ತದೆ. ಅದನ್ನು ಮುಗಿಸುವ ಶ್ರಮದ ಕೀರ್ತಿ ಮುಂದೆ ಯಾರ ಪಾಲಿಗೋ ಹೋಗುತ್ತದೆ. ಹೀಗಾಗಿ ಅನೇಕ ಯೋಜನೆಗಳನ್ನು ಏಕಕಾಲಕ್ಕೆ ಆರಂಭಿಸಿ, ಇರುವ ಹಣವನ್ನು ಎಲ್ಲಕ್ಕೂ ಚೂರು ಚೂರಾಗಿ ಹಂಚುವುದು ಎಲ್ಲ ಸರ್ಕಾರಗಳಿಗೂ ಅನುಕೂಲ.

ಇಷ್ಟನ್ನು ಓದಿದವರು ಪ್ರಜಾಪ್ರಭುತ್ವವೇ ದೋಷಪೂರ್ಣವೆಂದು ತೀರ್ಮಾನಿಸಬಾರದು. ವಸ್ತುವಿಗೆ ಒಂದೇ ಮುಖವಿಲ್ಲ. 1975ರ ಆಗಸ್ಟ್‌ನಲ್ಲಿ ಚೀನದ ಬಾನ್‌ಚಿಯಾವ್ ಅಣೆಕಟ್ಟೆ ಒಡೆದು ಸಾವಿರಾರು ಮಂದಿ ಕೊಚ್ಚಿಹೋದಾಗ, ಆ ಸುದ್ದಿ ವರ್ಷಾನುವರ್ಷ ಹೊರಜಗತ್ತಿಗೆ ತಿಳಿಯಲಿಲ್ಲ. ತುಂಗಭದ್ರೆಯ ಗೇಟು ಹೋದ ರಾತ್ರಿಯೇ ನಾಡಿಗೆಲ್ಲ ತಿಳಿಯಿತು; ಮರುದಿನದಿಂದಲೇ ಸಚಿವರೂ ವಿರೋಧಪಕ್ಷದವರೂ ದಂಡೆಯ ಮೇಲಿದ್ದರು. ಸ್ವತಂತ್ರ ಪತ್ರಿಕೆಗಳೂ ಚುನಾವಣೆಗಳೂ ಇರುವ ದೇಶದಲ್ಲಿ ಘೋರ ಕ್ಷಾಮಗಳು ಸಂಭವಿಸುವುದಿಲ್ಲವೆಂದು ಅಮರ್ತ್ಯ ಸೇನರು ತೋರಿಸಿದ್ದಾರೆ. ಕಣ್ಣೆದುರಿನ ಸಂಕಟಕ್ಕೆ ಪ್ರಜಾಪ್ರಭುತ್ವ ಬೇಗನೆ ಸ್ಪಂದಿಸುತ್ತದೆ. ಕಣ್ಣಿಗೆ ಬೀಳದೆ ಮೆಲ್ಲನೆ ನಡೆಯುವ ಕ್ಷಯಕ್ಕೆ ಮಾತ್ರ ಅದು ತಡವಾಗಿ ಎಚ್ಚರಗೊಳ್ಳುತ್ತದೆ.

ಕಾಣದ್ದನ್ನು ಕಾಣುವಂತೆ ಮಾಡುವುದು ಹೇಗೆ? ಒಂದು ದಾರಿ, ಕುಳಿತುಕೊಳ್ಳುವ ಪೀಠದಲ್ಲಿ ಯಾರಿದ್ದಾರೆಂಬುದನ್ನು ಬದಲಿಸುವುದು. ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೋ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಧ್ಯಕ್ಷ ಪದವಿ ಮಹಿಳೆಯರಿಗೆ ಮೀಸಲಾಗಿದ್ದ ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಹಣ ತೊಡಗಿಸಿದುದು ಕಂಡುಬಂದಿತು. ಕೊಡ ಹೊರುವವರಿಗೆ ಕೆಟ್ಟುನಿಂತ ಬೋರಿನ ಹ್ಯಾಂಡ್‌ಪಂಪು ಕಾಣದಿರುವುದಿಲ್ಲ. ಕರ್ನಾಟಕದಲ್ಲಿ ಅಬ್ದುಲ್ ನಜೀರ್‌ಸಾಬರು 1983ರ ಪಂಚಾಯಿತಿ ಕಾಯ್ದೆಗೆ ದುಡಿದುದೂ, ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊಟ್ಟು ‘ನೀರ್‌ಸಾಬ್’ ಎನಿಸಿಕೊಂಡುದೂ ಒಂದೇ ಅಧಿಕಾರಾವಧಿಯಲ್ಲಿ.

ಇನ್ನೊಂದು ದಾರಿ ನಿಯಮದ ದಾರಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ, ದುರಸ್ತಿ ಮತ್ತು ನಿರ್ವಹಣೆಗೆ ಸಾಕಷ್ಟು ಹಣವನ್ನು ಪ್ರತ್ಯೇಕವಾಗಿ ತೆಗೆದಿಡಬೇಕೆಂದು ಅಣೆಕಟ್ಟೆಯ ಒಡೆತನವುಳ್ಳವರಿಗೆ ವಿಧಿಸುತ್ತದೆ. ಇದು ಸವಕಳಿ ಖಾತೆಯೇ. ಆದರೂ 2024ರಲ್ಲಿ ಕೊಂಡಿ ಕಳಚಿತು. ಕಾಯ್ದೆ ಬರೆದ ಮಾತ್ರಕ್ಕೆ ಖಾತೆ ತುಂಬುವುದಿಲ್ಲ. ತುಂಬಿದೆಯೇ ಎಂದು ಕೇಳುವವರು ಬೇಕು.

ಹೀಗೆ ಮುಂದಿನವರ ಕೈಯನ್ನು ಕಟ್ಟುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಕೊಪಣವೆಂದು ಹೆಸರಾಗಿದ್ದ ಕೊಪ್ಪಳದ ಸುತ್ತಲೂ, ಕರ್ನಾಟಕದ ಉದ್ದಗಲಕ್ಕೂ ದೊರೆಯುವ ದಾನಶಾಸನಗಳನ್ನು ಒಬ್ಬ ಲೆಕ್ಕಿಗನ ಕಣ್ಣಿನಿಂದ ಓದಬೇಕು. ಬಸದಿಗೋ ದೇಗುಲಕ್ಕೋ ಭೂಮಿ ಬಿಟ್ಟವರು ಪೂಜೆಗೆ, ಆಹಾರದಾನಕ್ಕೆ ಎಂದಷ್ಟೇ ಬರೆಸಿ ನಿಲ್ಲಿಸುವುದಿಲ್ಲ. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಎಂದರೆ ಒಡೆದು ಬಿರುಕು ಬಿಟ್ಟದ್ದನ್ನು ಸರಿಪಡಿಸುವುದಕ್ಕೆ, ಎಂದೂ ಸೇರಿಸುತ್ತಾರೆ. ಹೊಸದಾಗಿ ಕಟ್ಟುವ ದಿನವೇ ಅದು ಮುರಿಯುವ ದಿನದ ಖರ್ಚನ್ನು ತೆಗೆದಿರಿಸಿದ ಬುದ್ಧಿ ಅದು. ಕೆರೆಗಳಿಗೂ ಬಿತ್ತುವಟ್ಟ, ಕಟ್ಟುಕೊಡಗೆಗಳೆಂಬ ಭೂಮಿಗಳಿದ್ದವು. ಶಾಸನದ ಕೊನೆಯಲ್ಲಿ, ಈ ಧರ್ಮವನ್ನು ಅಳಿದವನಿಗೆ ಬರುವ ಪಾಪದ ವರ್ಣನೆಯಿರುತ್ತದೆ. ಮುಂದಿನ ಅರಸನ ಮೇಲೆ ಅಧಿಕಾರವಿಲ್ಲದವರು ಅವನಿಗೆ ಹಾಕಬಹುದಾಗಿದ್ದ ಕಟ್ಟು ಅದೊಂದೇ. ಅದರೊಂದಿಗೆ, ತಾನು ದಾನ ಕೊಡುವುದಕ್ಕಿಂತ ಹಿಂದಿನವರು ಕೊಟ್ಟುದನ್ನು ಕಾಪಾಡುವುದು ಮೇಲೆಂಬ ಭಾವದ ಶ್ಲೋಕವೂ ಮತ್ತೆ ಮತ್ತೆ ಬರುತ್ತದೆ. ಅಂದಿನ ಅರಸನಿಗೆ ಮತದಾರರಿರಲಿಲ್ಲ. ಆದರೂ ತನ್ನ ಹೆಸರಿನ ಹೊಸ ಗುಡಿಯ ಮೇಲೆ ಅವನಿಗಿದ್ದ ಮೋಹ ಇಂದಿನ ಶಂಕುಸ್ಥಾಪನೆಯ ಮೋಹಕ್ಕಿಂತ ಬೇರೆಯದಾಗಿರಲಿಲ್ಲವೆಂಬುದನ್ನು ಆ ಶ್ಲೋಕವೇ ಹೇಳುತ್ತದೆ.

ಜನರೇ ಈ ಕಾರ್ಯಕ್ಕೆ ಇಳಿದ ಉದಾಹರಣೆಯೂ ಹತ್ತಿರದಲ್ಲಿಯೇ ಇದೆ. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳ ನೇತೃತ್ವದಲ್ಲಿ, ಹೂಳು ಮುಳ್ಳುಕಂಟಿಗಳಿಂದ ಮುಚ್ಚಿಹೋಗಿದ್ದ ಹಿರೇಹಳ್ಳವನ್ನು ಮೈಲಿಗಟ್ಟಲೆ ಉದ್ದಕ್ಕೆ ಸ್ವಚ್ಛಗೊಳಿಸಲಾಯಿತು. ರೈತರು, ವರ್ತಕರು, ನೌಕರರು, ವಿದ್ಯಾರ್ಥಿಗಳು ದುಡಿದರು, ದೇಣಿಗೆ ಕೊಟ್ಟರು. ಹೊಸದೇನನ್ನೂ ಕಟ್ಟಲಿಲ್ಲ, ಇದ್ದುದನ್ನು ಉಳಿಸಿಕೊಂಡರು. ಹಾಗಿದ್ದೂ ಜನ ಸಂತೋಷಪಟ್ಟರು, ಅಭಿಮಾನಪಟ್ಟರು. ದುರಸ್ತಿಯ ಕೆಲಸಕ್ಕೆ ಜನಮನ್ನಣೆ ದೊರೆಯುವುದಿಲ್ಲವೆಂಬುದು ಬದಲಾಗದ ನಿಯಮವೇನಲ್ಲವೆಂದು ಅದರಿಂದ ತಿಳಿಯುತ್ತದೆ. ಆದರೆ 33 ಗೇಟುಗಳನ್ನು ಶ್ರಮದಾನದಿಂದ ಬದಲಿಸಲಾಗದು. ಅದಕ್ಕೆ ಸರ್ಕಾರವೇ ಬೇಕು, ಸರ್ಕಾರಕ್ಕೆ ಅದನ್ನು ಮಾಡಬೇಕೆನಿಸಬೇಕು.

ಕರ್ಮದ ಆಸ್ರವವನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳನ್ನು ಹೇಳುತ್ತದೆ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡುವುದಕ್ಕೆ ಒಪ್ಪಿಗೆಯಿತ್ತದ್ದು. ಚುನಾವಣೆಯಲ್ಲಿ ಗುಂಡಿ ಒತ್ತುವ ಬೆರಳು ಮೂರನೆಯದಕ್ಕೆ ಸೇರಿದ್ದು. ಕೊಂಡಿಯನ್ನು ಸವೆಸಿದವನು ತಾನಲ್ಲವೆಂದು ಪ್ರತಿಯೊಬ್ಬನೂ ಹೇಳಬಹುದು. ಏಳು ದಶಕಗಳಲ್ಲಿ ಯಾವ ಪ್ರಚಾರಸಭೆಯಲ್ಲಿ ಯಾರು ಎದ್ದು ಅದರ ಬಗ್ಗೆ ಕೇಳಿದರೆಂದರೆ ಉತ್ತರವಿಲ್ಲ. ಕೇಳದಿರುವುದೂ ಒಂದು ಬಗೆಯ ಅನುಮತಿಯೇ. ಕಾಲುವೆಯ ಮೇಲ್ಭಾಗದ ಭತ್ತವನ್ನು ಕೊಂಡು, ಅಕ್ಕಿ ಮಾಡಿಸಿ, ಊರೂರಿಗೆ ಕಳುಹಿಸುವ ವರ್ತಕನ ಗಲ್ಲಾಪೆಟ್ಟಿಗೆಯಲ್ಲಿಯೂ ಕೆಳಭಾಗದ ರೈತನ ಬತ್ತಿದ ತೂಬಿನ ಒಂದು ಪಾಲಿದೆ. ಅವನು ಮನುಷ್ಯನಿಗೆ ಮೋಸ ಮಾಡಿಲ್ಲ, ತೂಕದಲ್ಲಿ ಕಡಿಮೆ ಕೊಟ್ಟಿಲ್ಲ. ಆದರೂ ಲೆಕ್ಕದಿಂದ ಪೂರ್ತಿ ಹೊರಗೆ ನಿಲ್ಲಲಾರನು.

ಇದೇ ಮಾತು ವಿಶ್ವಸ್ತ ಮಂಡಳಿಗಳಿಗೂ ಸಲ್ಲುತ್ತದೆ. ಹೊಸ ಸಭಾಭವನಕ್ಕೆ ದಾನಿಗಳು ಮುಂದೆ ಬರುತ್ತಾರೆ. ಅಮೃತಶಿಲೆಯ ಮೇಲೆ ಹೆಸರು ಕೊರೆಯಲಾಗುತ್ತದೆ. ಗರ್ಭಗೃಹದ ಮೇಲಿನ ಸೋರಿಕೆಯನ್ನು ನಿಲ್ಲಿಸಿದವನ ಹೆಸರಿಗೆ ಕಲ್ಲು ಎಲ್ಲಿದೆ? ಶಂಕುಸ್ಥಾಪನೆಗೆ ಬಂದ ಶಾಸಕರಿಗೆ ಶಾಲು ಹೊದಿಸುವ ಮಂಡಳಿ, ಊರಿನ ಹಳೆಯ ಕೆರೆಯ ಕೋಡಿಯನ್ನು ದುರಸ್ತಿ ಮಾಡಿಸಿದ ಶಾಸಕರಿಗೆ ಎಂದಾದರೂ ಶಾಲು ಹೊದಿಸಿದೆಯೇ? ಸಮಾಜ ಯಾವುದಕ್ಕೆ ಮಾನ ಕೊಡುತ್ತದೋ ಅಧಿಕಾರಸ್ಥರು ಅದನ್ನೇ ಮಾಡುತ್ತಾರೆ. ಮತದ ಲೆಕ್ಕವನ್ನು ಒಬ್ಬೊಬ್ಬರೇ ತಿದ್ದುವುದು ಕಷ್ಟ. ಮಾನ್ಯತೆಯ ಲೆಕ್ಕವನ್ನು ಒಂದು ಸಭೆ, ಒಂದು ಮಂಡಳಿ, ಒಂದು ವರ್ತಕ ಸಂಘ ನಾಳೆಯೇ ತಿದ್ದಬಹುದು.

ಮಾಡಬಹುದಾದ ಕೆಲಸ ದೊಡ್ಡದೇನೂ ಅಲ್ಲ. ಮತ ಕೇಳಲು ಬಂದವರನ್ನು ಹೊಸದಾಗಿ ಏನು ತರುವಿರೆಂದು ಕೇಳುವ ರೂಢಿಯ ಜೊತೆಗೆ, ಇರುವುದರಲ್ಲಿ ಏನನ್ನು ಉಳಿಸಿದಿರೆಂದೂ ಕೇಳಬಹುದು. ಗಂಗಾವತಿಯ ಸಭೆಯಲ್ಲಿ ಮಾನ್ವಿಯ ಪಾಲನ್ನು ಎತ್ತಬಹುದು. ಕೊಪ್ಪಳದ ಸಭೆಯಲ್ಲಿ ಕುಷ್ಟಗಿ, ಯಲಬುರ್ಗಾಗಳ ಕುಡಿಯುವ ನೀರನ್ನು ಎತ್ತಬಹುದು. ಬದಲಾಗಬೇಕಾದ ಗೇಟುಗಳಲ್ಲಿ ಎಷ್ಟು ಬದಲಾದವು, ನಿರ್ವಹಣೆಗೆ ತೆಗೆದಿಟ್ಟ ಹಣವೆಷ್ಟು ಎಂದು ವರ್ಷಕ್ಕೊಮ್ಮೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಮಂಡಳಿಗಳು ತಮ್ಮ ವಾರ್ಷಿಕ ವರದಿಯಲ್ಲಿ ಜೀರ್ಣೋದ್ಧಾರ ನಿಧಿಗೆ ಒಂದು ಸಾಲನ್ನು ತೆರೆದು, ಮಹಾಸಭೆಯಲ್ಲಿ ಅದನ್ನೇ ಮೊದಲು ಓದಬಹುದು.

ಮುಂದಿನ ದೀಪಾವಳಿಯಂದು ಹಳೆಯ ಪುಸ್ತಕದ ಬಾಕಿ ತೆಗೆಯುವ ವರ್ತಕನು ಸವಕಳಿಯ ಬಾಬಿಗೆ ಬಂದಾಗ ಅರೆಗಳಿಗೆ ಲೇಖನಿಯನ್ನು ತಡೆಯಲಿ. ಅವನ ಅಂಗಡಿಯಿಂದ ಕೆಲವೇ ಮೈಲಿ ದೂರದಲ್ಲಿ, ಅವನ ವ್ಯಾಪಾರವನ್ನೆಲ್ಲ ಹೊತ್ತು ನಿಂತ ಕಲ್ಲಿನ ಗೋಡೆಯೊಂದಿದೆ. ಅದರ ಸವಕಳಿಯನ್ನೂ ಬರೆಯಬೇಕಾದವರಲ್ಲಿ ಅವನೂ ಒಬ್ಬನು.